ದಬ್ಬಳ ಅಂಕಲ್ ಮತ್ತು ನಾಲ್ಕನೇ ಕೋಷ್ಟಕ

ಕಾಲೇಜಿನ ಹಿಂದಿನ ಗೇಟಿಗೆ ಎದುರಾಗಿ, ಎರಡು ಸೈಕಲ್ ಅಡ್ಡ ನಿಲ್ಲಿಸಿದರೆ ಮುಚ್ಚಿಹೋಗುವಷ್ಟು ಅಗಲದ ಒಂದು ಬೈಂಡಿಂಗ್ ಅಂಗಡಿ. ಒಳಗೆ ಜೆರಾಕ್ಸ್ ಮೆಷಿನ್ನು, ಹಳೆಯ ಕಂಪ್ಯೂಟರು, ಕಾಗದ ಕತ್ತರಿಸುವ ಕಬ್ಬಿಣದ ಯಂತ್ರ, ಅಂಟಿನ ಡಬ್ಬ, ರಟ್ಟಿನ ಗುಡ್ಡೆ, ಕಪ್ಪು ರೆಕ್ಸಿನ್ನಿನ ಸುರುಳಿಗಳು. ಇವೆಲ್ಲ ಕೂತು ಮಿಕ್ಕ ಒಂದು ಗೇಣು ಜಾಗದಲ್ಲಿ ಅಂಗಡಿಯ ಯಜಮಾನ. ಆತ ಎಷ್ಟು ಸಣಕಲು ಎಂದರೆ, ಫ್ಯಾನನ್ನು ಮೂರರ ಮೇಲೆ ತಿರುಗಿಸಿದ ದಿನ ಎರಡೂ ಜೇಬಿಗೆ ಪೇಪರ್‌ವೇಟ್ ಹಾಕಿಕೊಂಡು ಕೂರುತ್ತಿದ್ದ. ಹಾಳೆ ಹೊಲಿಯುವ ದಬ್ಬಳವನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಮಾತಾಡುವ ಅಭ್ಯಾಸ. ಮಾತು ಆ ಮೊನೆಯ ಮೇಲಿನಿಂದಲೇ ಹೊರಗೆ ಬರುತ್ತಿತ್ತು. ಯಾವ ಕಾಲದ ಹುಡುಗರು ಇಟ್ಟರೋ, ದಬ್ಬಳ ಅಂಕಲ್ ಎಂಬ ಹೆಸರು ನಿಂತುಬಿಟ್ಟಿತು. ಕಟ್ಟಿಕೊಂಡ ಹೆಂಡತಿಗೂ ಒಮ್ಮೊಮ್ಮೆ ಗಂಡನ ನಿಜವಾದ ಹೆಸರು ನೆನಪಾಗಲು ರೇಷನ್ ಕಾರ್ಡು ಬೇಕಾಗುತ್ತಿತ್ತು.

ದಬ್ಬಳ ಓದಿದ್ದು ಏಳನೇ ಕ್ಲಾಸು. ಹೊಲಿದದ್ದು ಮಾತ್ರ ಸಾವಿರಾರು ಪದವಿ. ಮೂವತ್ತು ವರ್ಷ ಆ ಗೇಟಿಗೆ ಮುಖ ಮಾಡಿ ಕೂತು ಆತ ಬಂದಿದ್ದ ತೀರ್ಮಾನ ಇಷ್ಟೇ: ಕಾಲೇಜು ಅಂದರೆ ಮನುಷ್ಯನ ಬೆನ್ನುಮೂಳೆಯನ್ನು ನೋವಿಲ್ಲದೆ ತೆಗೆಯುವ ಮೂರು ವರ್ಷದ ಚಿಕಿತ್ಸೆ. ಒಳಗೆ ಹೋಗುವಾಗ ಗೇಟು ಹಾರಿ ಹೋಗುತ್ತಿದ್ದ ಹುಡುಗರು, ಹೊರಗೆ ಬರುವಾಗ ತೆರೆದ ಗೇಟಿನ ಮುಂದೆ ನಿಂತು "ಹೋಗಬಹುದಾ?" ಎಂದು ಕೇಳುತ್ತಿದ್ದರು. ಒಂದು ವರ್ಷ ಒಬ್ಬ ಮೇಷ್ಟ್ರು ರಿಟೈರಾದರು. ಆ ಸುದ್ದಿಯನ್ನು ತರಗತಿಗೆ ಯಾರೂ ಅಧಿಕೃತವಾಗಿ ತಿಳಿಸಲಿಲ್ಲ. ಅರವತ್ತು ಜನ ದಿನಾ ಹನ್ನೊಂದು ಗಂಟೆಗೆ ಬಂದು, ಖಾಲಿ ಕುರ್ಚಿಗೆ ಹಾಜರಿ ಹೇಳಿ, ಖಾಲಿ ಬೋರ್ಡು ನೋಡಿಕೊಂಡು ಒಂದು ಟರ್ಮು ಪೂರ್ತಿ ಕೂತರಂತೆ. ಕೊನೆಗೆ ಒಬ್ಬ ಧೈರ್ಯಶಾಲಿ ಎದ್ದು "ಪೋರ್ಷನ್ ಸ್ವಲ್ಪ ನಿಧಾನ ಆಗ್ತಿದೆ" ಎಂದನಂತೆ. ಈ ಕತೆಯನ್ನು ದಬ್ಬಳ ಆಣೆ ಪ್ರಮಾಣ ಮಾಡಿ ಹೇಳುತ್ತಿದ್ದ. ನಂಬದಿದ್ದವರಿಗೆ ಅರ್ಧ ಗಂಟೆ ಅಂಗಡಿಯಲ್ಲಿ ಕೂರಲು ಹೇಳುತ್ತಿದ್ದ. ಅಷ್ಟು ಸಾಕಾಗುತ್ತಿತ್ತು.

"ಅಂಕಲ್, ಪೇಜ್ ನಂಬರ್ ಹಾಕ್ಬೇಕಾ?"

"ಹಾಕಪ್ಪ."

"ಎಷ್ಟರಿಂದ ಶುರು ಮಾಡ್ಲಿ?"

"ನಲವತ್ತೇಳರಿಂದ."

ಹುಡುಗ ಅಂಗೈ ಮೇಲೆ ಬರೆದುಕೊಂಡ. ಮರುದಿನ ನಲವತ್ತೇಳರಿಂದ ನೂರಾ ಹತ್ತರವರೆಗೆ ಅಚ್ಚುಕಟ್ಟಾಗಿ ಹಾಕಿಕೊಂಡು ಬಂದ. ಅದಕ್ಕೆ ಕಾಲೇಜಿನಲ್ಲಿ 'ಉತ್ತಮ' ಎಂದು ಷರಾ ಬಿತ್ತು.

"ಅಂಕಲ್, ಕೃತಜ್ಞತೆ ಅಂತ ಒಂದು ಪೇಜ್ ಇದ್ಯಲ್ಲ, ಅದ್ರಲ್ಲಿ ಯಾರಿಗೆ ಥ್ಯಾಂಕ್ಸ್ ಹೇಳ್ಬೇಕು?"

"ನಿಂಗೆ ಯಾರು ಸಹಾಯ ಮಾಡಿದ್ರೋ ಅವರಿಗೆ ಕಣಮ್ಮ."

"ಯಾರು ಮಾಡಿದ್ರು ಅಂತ ಸಾರ್ ಹೇಳಿಲ್ಲ ಅಂಕಲ್."

ಪದವಿ ಮುಗಿಸಿದವರು ಮತ್ತೆ ಬರುತ್ತಿದ್ದದ್ದು ಬಯೋಡೇಟಾ ಮಾಡಿಸಲು. ಎಲ್ಲರ ಬಯೋಡೇಟಾದಲ್ಲೂ ಒಂದೇ ಸಾಲು: "ಯಾರೂ ಹೇಳದೆಯೇ ಮುನ್ನುಗ್ಗಿ ಕೆಲಸ ಮಾಡುವ ಗುಣ ನನ್ನಲ್ಲಿ ಹುಟ್ಟಿನಿಂದಲೇ ಇದೆ." ಹಾಗೆಂದು ಬರೆಯಬೇಕೆಂದು ಯಾರೋ ಹೇಳಿದ್ದರು. ಹಿಂದಿನವನ ಬಯೋಡೇಟಾದಲ್ಲಿ ತನ್ನ ಹೆಸರೊಂದನ್ನು ಬದಲಿಸಿ ಮಿಕ್ಕದ್ದನ್ನು ಹಾಗೇ ಬಿಡುವ ಪದ್ಧತಿಯಿಂದಾಗಿ, ಒಂದು ವರ್ಷ ಹನ್ನೊಂದು ಪದವೀಧರರಿಗೆ ಒಬ್ಬನೇ ತಂದೆ. ಹನ್ನೊಂದು ಜನಕ್ಕೂ ಇಂಟರ್‌ವ್ಯೂಗೆ ಕರೆ ಬಂತು. ಕರೆದವರೂ ಅದೇ ಕಾಲೇಜಿನವರು.

ಇಂಥ ಜಾಗದಲ್ಲಿ, ಹದಿನಾಲ್ಕು ವರ್ಷದ ಹಿಂದೆ, ವಿದ್ಯಾರ್ಥಿಗಳಿಗೆ ಸ್ವಂತ ಬುದ್ಧಿ ಕಡಿಮೆಯಾಗುತ್ತಿದೆ ಎಂದು ಯಾರಿಗೋ ಅನುಮಾನ ಬಂದು, ಕೊನೆಯ ವರ್ಷಕ್ಕೆ ಒಂದು ಹೊಸ ವಿಷಯ ಸೇರಿತು. ಹೆಸರು 'ಸ್ವಯಂ ಪ್ರೇರಣಾ ಯೋಜನೆ'. ನೂರು ಅಂಕ. ನೋಟೀಸ್ ಬೋರ್ಡಿನ ಮೇಲೆ ಹಚ್ಚಿದ ಸುತ್ತೋಲೆಯನ್ನು ದಬ್ಬಳನೇ ಜೆರಾಕ್ಸ್ ಮಾಡಿಕೊಟ್ಟಿದ್ದ: "ಎಲ್ಲ ವಿದ್ಯಾರ್ಥಿಗಳೂ ಕಡ್ಡಾಯವಾಗಿ ಸ್ವಂತ ಇಚ್ಛೆಯಿಂದ ಪಾಲ್ಗೊಳ್ಳತಕ್ಕದ್ದು. ವಿಷಯಗಳ ಪಟ್ಟಿಯನ್ನು ಆಫೀಸಿನಲ್ಲಿ ಪಡೆಯತಕ್ಕದ್ದು. ತಪ್ಪಿದಲ್ಲಿ ಕ್ರಮ ಜರುಗಿಸಲಾಗುವುದು." ಪಟ್ಟಿಯಲ್ಲಿ ಇದ್ದದ್ದು ಒಂದೇ ವಿಷಯ, 'ಗ್ರಾಹಕರ ತೃಪ್ತಿ: ಒಂದು ಅಧ್ಯಯನ'. ಬ್ಯಾಂಕಿನ ಗ್ರಾಹಕರೋ, ಬಸ್ಸಿನ ಗ್ರಾಹಕರೋ, ಅದು ಅವರವರ ಸ್ವಂತ ಪ್ರೇರಣೆಗೆ ಬಿಟ್ಟದ್ದು.

ಮೊದಲ ವರ್ಷ ಒಬ್ಬ ಹುಡುಗ ಎಪ್ಪತ್ತೆರಡು ಹಾಳೆಯ ರಿಪೋರ್ಟು ತಂದ. ಆ ವಾರ ದಬ್ಬಳನ ಮನೆಯಲ್ಲಿ ನೀರಿನ ಪೈಪು ಒಡೆದು, ಬಟ್ಟೆಯೆಲ್ಲ ಲಾಂಡ್ರಿಗೆ ಹೋಗುತ್ತಿದ್ದ ಕಾಲ. ಹೆಂಡತಿ ಅಂಗಡಿಯಿಂದ ತಂದ ಕೆಟ್ಟ ಜೆರಾಕ್ಸ್ ಹಾಳೆಯ ಹಿಂಬದಿಯಲ್ಲಿ ದುಂಡಗೆ ಪಟ್ಟಿ ಬರೆದು ಗಂಡನ ಕೈಗೆ ಕೊಟ್ಟಿದ್ದಳು: ಬೆಡ್‌ಶೀಟು ಎರಡು, ದಿಂಬಿನ ಕವರು ನಾಲ್ಕು, ಬಿಳಿ ಶರ್ಟು ಮೂರು, ಪ್ಯಾಂಟು ಎರಡು, ಟವಲ್ಲು ಐದು, ಮಗುವಿನ ಫ್ರಾಕು ಆರು. ಒಟ್ಟು ಇಪ್ಪತ್ತೆರಡು. ಕೆಳಗೆ ಅಡಿಗೆರೆ ಎಳೆದು, "ಕಾಲರ್ ಕೊಳೆ ಜಾಸ್ತಿ, ಗಮನ ಕೊಡಿ". ದಬ್ಬಳ ಬಟ್ಟೆಯ ಗಂಟನ್ನು ಲಾಂಡ್ರಿಗೆ ಹಾಕಿದ; ಪಟ್ಟಿಯನ್ನು ಮರೆತು ಮೇಜಿನ ಮೇಲಿನ ಹಾಳೆಗಳ ನಡುವೆ ಇಟ್ಟ. ದಬ್ಬಳ ಸೂಜಿಗೆ ಅದೂ ಇದೂ ಒಂದೇ. ಆ ಹುಡುಗನ ರಿಪೋರ್ಟಿನ ಮೂವತ್ತೊಂದನೇ ಹಾಳೆಯಾಗಿ ಲಾಂಡ್ರಿ ಪಟ್ಟಿ ಹೊಲಿಗೆಗೆ ಬಿತ್ತು.

ದಪ್ಪ ಹೆಚ್ಚಿದ್ದಕ್ಕೆ ಆ ರಿಪೋರ್ಟಿಗೆ ಕಾಲೇಜಿನಲ್ಲೇ ಅತಿ ಹೆಚ್ಚು ಅಂಕ. ಹುಡುಗ ಅದನ್ನು ಅಂಗಡಿಯಲ್ಲೇ ಬಿಟ್ಟುಹೋದ. ಮರುವರ್ಷದವರು ಬಂದು "ಅಂಕಲ್, ಆ ಮಾರ್ಕ್ಸ್ ಬಂದಿರೋದು ಕೊಡಿ" ಎಂದರು. ಅದೇ ಮಾಸ್ಟರ್ ಕಾಪಿಯಾಯಿತು. ಮುಖಪುಟದ ಹೆಸರು ಬದಲಿಸು, ಬ್ಯಾಂಕು ಇದ್ದಲ್ಲಿ ಬಸ್ಸು ಹಾಕು, ಮಿಕ್ಕದ್ದು ಜೆರಾಕ್ಸ್. ಅರವತ್ತು ಜನ, ಅರವತ್ತು ಕಪ್ಪು ಪುಸ್ತಕ, ಅರವತ್ತು ಲಾಂಡ್ರಿ ಪಟ್ಟಿ.

ಮೂರನೇ ವರ್ಷ ಒಬ್ಬ ಶ್ರದ್ಧಾವಂತ ಬಂದ. ಕೈಬರಹ ಚೆನ್ನಾಗಿ ಕಾಣುವುದಿಲ್ಲವೆಂದು ಮೂವತ್ತೊಂದನೇ ಹಾಳೆಯನ್ನು ಟೈಪ್ ಮಾಡಿಸಿ, ಸುತ್ತ ಗೆರೆ ಹಾಕಿಸಿ, ಮೇಲೆ 'ಕೋಷ್ಟಕ 4' ಎಂದು ಹೆಸರಿಟ್ಟ. ಪಕ್ಕದಲ್ಲಿ ಆರು ಬಣ್ಣದ ಒಂದು ದುಂಡು ಚಿತ್ರ: ಬೆಡ್‌ಶೀಟು 9.1 ಶೇಕಡಾ, ಫ್ರಾಕು 27.3 ಶೇಕಡಾ. ಅದರ ಕೆಳಗೆ ವಿವರಣೆ: "ಮೇಲಿನ ಕೋಷ್ಟಕದಿಂದ ತಿಳಿದುಬರುವುದೇನೆಂದರೆ, ಗ್ರಾಹಕರಲ್ಲಿ ಫ್ರಾಕಿನ ಬಗ್ಗೆ ಗರಿಷ್ಠ ಒಲವಿದ್ದು, ಕಾಲರ್ ವಿಷಯದಲ್ಲಿ ಅತೃಪ್ತಿ ಎದ್ದು ಕಾಣುತ್ತದೆ. ಆಡಳಿತ ವರ್ಗ ಇತ್ತ ಗಮನ ಕೊಡಬೇಕು."

ಅಂಚು ಕತ್ತರಿಸಲು ಅದನ್ನು ಯಂತ್ರದ ಕೆಳಗೆ ಇಟ್ಟಾಗ ದಬ್ಬಳನ ಕಣ್ಣಿಗೆ ಬಿತ್ತು. ಓದಿದ. ಮತ್ತೆ ಓದಿದ. ತನ್ನ ಮನೆಯ ದಿಂಬಿನ ಕವರುಗಳಿಗೆ ಶೇಕಡಾವಾರು ಬಂದದ್ದು ನೋಡಿ ಮೊದಲು ಭಯವಾಯಿತು, ಆಮೇಲೆ ನಗು ಬಂತು. ಆ ನಗುವಿಗೆ ಬಾಯಲ್ಲಿದ್ದ ದಬ್ಬಳ ಹಾರಿ ಎದುರಿನ ರಟ್ಟಿನ ಗುಡ್ಡೆಯಲ್ಲಿ ಎರಡಿಂಚು ನಾಟಿಕೊಂಡಿತು. ಆ ದಿನ ಆತ ಒಂದು ಪಣ ತೊಟ್ಟ. ಹೇಳಬಾರದು. ಯಾವನಾದರೂ ಒಬ್ಬ, ಒಬ್ಬನೇ ಒಬ್ಬ, "ಅಂಕಲ್, ಇದೇನಿದು ಫ್ರಾಕು?" ಎಂದು ಕೇಳುವವರೆಗೆ ಕಾಯಬೇಕು. ಕೇಳಿದವನಿಗೆ ಬಿಟ್ಟಿಯಾಗಿ ಬೈಂಡ್ ಮಾಡಿ, ಚಿನ್ನದ ಅಕ್ಷರದಲ್ಲಿ ಹೆಸರು ಒತ್ತಿಕೊಡಬೇಕು.

ಕಾದ. ಹನ್ನೊಂದು ವರ್ಷ ಕಾದ. ಮುಂದಿನವರೆಲ್ಲ ಆ ಟೈಪಿನ ಪ್ರತಿಯನ್ನೇ ಜೆರಾಕ್ಸ್ ಮಾಡಿಸಿದರು. ಆರುನೂರಕ್ಕೂ ಹೆಚ್ಚು ಪದವೀಧರರು ಆ ಪಟ್ಟಿಯನ್ನು ಎದೆಗವಚಿಕೊಂಡು ಗೇಟು ದಾಟಿ ಒಳಗೆ ಹೋದರು. ಒಳಗೆ ಅದಕ್ಕೆ ಕೆಂಪು ಶಾಯಿಯಲ್ಲಿ ಟಿಕ್ ಬಿತ್ತು. ಹೊರಗೆ ಬಂದು ಆಫೀಸು, ಬ್ಯಾಂಕು, ಶಾಲೆಗಳಲ್ಲಿ ಕುರ್ಚಿ ಹಿಡಿದರು. ಯಾರೂ ಕೇಳಲಿಲ್ಲ. ಪ್ರತಿ ವರ್ಷ ರಿಪೋರ್ಟಿನ ಕಾಲ ಮುಗಿದಾಗ ದಬ್ಬಳ ಪಕ್ಕದ ಟೀ ಅಂಗಡಿಯವನ ಮುಂದೆ ಕೂತು "ಈ ಸಲಾನೂ ಒಂದು ನರಪಿಳ್ಳೆಗೂ ಕಣ್ಣಿಲ್ಲ ಕಣಯ್ಯ" ಎಂದು ತೃಪ್ತಿಯಿಂದ ನಕ್ಕು ಮನೆಗೆ ಹೋಗುತ್ತಿದ್ದ. ಊರವರೆಲ್ಲ ಮೂರ್ಖರೆಂದು ಖಾತ್ರಿಯಾದ ಮೇಲೆ ಬರುವ ನಿದ್ದೆಯಷ್ಟು ಸುಖದ ನಿದ್ದೆ ಇನ್ನೊಂದಿಲ್ಲ.

ಅಷ್ಟರಲ್ಲಿ ಪಟ್ಟಿಯಲ್ಲಿದ್ದ ಆರು ಫ್ರಾಕುಗಳ ಒಡತಿ ಬೆಳೆದು ಅದೇ ಕಾಲೇಜಿನ ಕೊನೆಯ ವರ್ಷಕ್ಕೆ ಬಂದಳು.

ದಬ್ಬಳನ ಮಗಳು ಅಂಗಡಿಯತ್ತ ಹೆಚ್ಚು ಸುಳಿದವಳಲ್ಲ. ಅಂಟಿನ ವಾಸನೆಗೆ ಅವಳಿಗೆ ತಲೆನೋವು. ಮಾಸ್ಟರ್ ಕಾಪಿಯನ್ನು ಕಣ್ಣಿಂದ ನೋಡಿರಲಿಲ್ಲ. ಆಫೀಸಿನ ಪಟ್ಟಿಯನ್ನೂ ಕೇಳಲಿಲ್ಲ. ಅಮ್ಮನನ್ನು ಕಣ್ಣು ತೋರಿಸಲು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ ದಿನ ಚೀಟಿ ಕೌಂಟರಿನ ಮುಂದೆ ಎರಡು ಗಂಟೆ ನಿಂತು ಕಾಲು ನೋಯಿಸಿಕೊಂಡಿದ್ದಳು. ಮರುದಿನ ಬೆಳಿಗ್ಗೆ ಗಡಿಯಾರ, ಪುಸ್ತಕ ಹಿಡಿದು ಅಲ್ಲಿಗೇ ಹೋಗಿ ಬೆಂಚಿನ ಮೇಲೆ ಕೂತಳು. ಹನ್ನೊಂದು ಬೆಳಿಗ್ಗೆ ಕೂತಳು. ಗುಮಾಸ್ತ ಒಬ್ಬೊಬ್ಬರಿಗೆ ತೆಗೆದುಕೊಳ್ಳುತ್ತಿದ್ದದ್ದು ಒಂದೇ ನಿಮಿಷ. ಆದರೆ ಫಾರಂ ತುಂಬಲು ಅಲ್ಲಿದ್ದದ್ದು ಒಂದೇ ಪೆನ್ನು; ಯಾರೂ ಕದಿಯದಂತೆ ಅದನ್ನು ಗೇಣುದ್ದದ ದಾರದಲ್ಲಿ ಕಂಬಿಗೆ ಕಟ್ಟಿದ್ದರು. ಎತ್ತರದವರು ಬಗ್ಗಿ, ಕುಳ್ಳಗಿನವರು ತುದಿಗಾಲಲ್ಲಿ ನಿಂತು, ಎಡಗೈಯವರು ಗೋಡೆಗೆ ಒರಗಿ ಬರೆಯಬೇಕು. ಒಬ್ಬೊಬ್ಬರಿಗೆ ಆರು ನಿಮಿಷ. ಗೇಟಿನವರೆಗೆ ನಿಲ್ಲುತ್ತಿದ್ದ ಸಾಲು ಕಾಯುತ್ತಿದ್ದದ್ದು ವೈದ್ಯರಿಗಲ್ಲ, ಗುಮಾಸ್ತನಿಗಲ್ಲ, ಆ ದಾರಕ್ಕೆ. ಹನ್ನೆರಡನೇ ದಿನ ಅವಳು ಅಪ್ಪನ ಅಂಗಡಿಯಿಂದ ಹೊಲಿಗೆಯ ದಾರ, ನಾಲ್ಕು ಪೆನ್ನು ಒಯ್ದು ಬೆಂಚಿನುದ್ದಕ್ಕೂ ಕಟ್ಟಿದಳು. ಹತ್ತು ಗಂಟೆಗೆಲ್ಲ ಸಾಲು ಕರಗಿತು. ಗುಮಾಸ್ತನೊಬ್ಬನೇ ಮುಖ ಗಂಟಿಕ್ಕಿಕೊಂಡ. ಪಾಪ, ಅವನ ವಿಶ್ರಾಂತಿ ಹೋಗಿತ್ತು.

ಇದನ್ನು ಅವಳು ಹತ್ತೊಂಬತ್ತು ಹಾಳೆಯಲ್ಲಿ ಬರೆದು ಗೈಡಿಗೆ ಕೊಟ್ಟಳು. ಆ ಗೈಡಿಗೆ ಹುಡುಗರು ಇಟ್ಟ ಹೆಸರು ಟಿಕ್ ಸಾರ್. ಮೂರನೇ ವರ್ಷ ಬಂದು ಲಾಂಡ್ರಿ ಪಟ್ಟಿಗೆ ಗೆರೆ ಹಾಕಿಸಿ ನಾಮಕರಣ ಮಾಡಿದ ಆ ಶ್ರದ್ಧಾವಂತ ಈತನೇ. ಓದಿದಲ್ಲೇ ಮೇಷ್ಟ್ರಾಗಿ, ತನ್ನ ರಿಪೋರ್ಟನ್ನು ಮುಂದಿಟ್ಟುಕೊಂಡು ಮಿಕ್ಕವರ ರಿಪೋರ್ಟಿಗೆ ಟಿಕ್ ಹಾಕುತ್ತ ನೆಮ್ಮದಿಯಾಗಿದ್ದ.

ಆ ದಿನ ಮಧ್ಯಾಹ್ನ ಮಗಳು ಅಂಗಡಿಗೆ ಬಂದು ಹತ್ತೊಂಬತ್ತು ಹಾಳೆಯನ್ನು ಮೇಜಿನ ಮೇಲೆ ಎಸೆದಳು. ಊಟದ ಡಬ್ಬಿ ತಂದಿದ್ದ ಅಮ್ಮ ಅಲ್ಲೇ ಸ್ಟೂಲಿನ ಮೇಲಿದ್ದಳು.

"ರಿಜೆಕ್ಟ್ ಮಾಡಿದ್ರು. ಶುಕ್ರವಾರ ವೈವಾ. ಅಷ್ಟರಲ್ಲಿ ಸರಿ ಮಾಡಿ ಕೊಡದಿದ್ರೆ ಒಂದು ವರ್ಷ ಹೋಯ್ತು."

"ಏನಂತೆ?" ಎಂದ ದಬ್ಬಳ.

"ಪರ್ಮಿಷನ್ ಲೆಟರ್ ಇಲ್ವಂತೆ. ಹತ್ತೊಂಬತ್ತೇ ಹಾಳೆಯಂತೆ. ಎಲ್ಲಕ್ಕಿಂತ ಮುಖ್ಯವಾಗಿ ಕೋಷ್ಟಕ ನಾಲ್ಕು ಇಲ್ವಂತೆ. 'ನಾಲ್ಕನೇ ಕೋಷ್ಟಕ ಇಲ್ಲದ ರಿಪೋರ್ಟನ್ನ ನನ್ನ ಸರ್ವೀಸಲ್ಲೇ ನೋಡಿಲ್ಲ' ಅಂದ್ರು. ಯಾವ್ದಪ್ಪಾ ಅದು? ಎಲ್ಲರ ಹತ್ರಾನೂ ಇದೆ, ಯಾರಿಗೂ ಅದೇನು ಅಂತ ಗೊತ್ತಿಲ್ಲ."

ದಬ್ಬಳನಿಗೆ ನಗು ಉಕ್ಕಿ ಬಂತು. ಕೆಮ್ಮಿ, ಸೀನಿ, ಕಣ್ಣೊರೆಸಿಕೊಂಡು, ಡ್ರಾಯರಿನಿಂದ ಮೊದಲ ಮಾಸ್ಟರ್ ಕಾಪಿ ತೆಗೆದು ಮೂವತ್ತೊಂದನೇ ಹಾಳೆ ಬಿಚ್ಚಿ ಮಗಳ ಮುಂದೆ ಹಿಡಿದ. ಅವಳಿಗಿಂತ ಮೊದಲು ಅಮ್ಮ ಬಗ್ಗಿ ನೋಡಿದಳು.

"ರೀ, ಇದು ನನ್ನ ಅಕ್ಷರ!"

"ಹೂಂ ಕಣೇ."

"ಆ ಲಾಂಡ್ರಿಯವನು ಐದು ಟವಲ್ ತಗೊಂಡು ನಾಲ್ಕು ವಾಪಸ್ ಕೊಟ್ಟ. ಪಟ್ಟಿ ತೋರಿಸಿ ಅಂದ. ಹಾಸಿಗೆ ಮಗುಚಿ, ಬೀರು ಮಗುಚಿ, ಇಡೀ ಮನೆ ಹುಡುಕಿದೀನಿ ನಾನು! ನೀವು ನೋಡಿದ್ರೆ ಕಾಲೇಜಿಗೆ ಕೊಟ್ಟಿದೀರಾ!"

"ಕೊಟ್ಟಿಲ್ವೇ, ಅದಾಗೇ ಹೋಯ್ತು."

"ನಮ್ಮ ಮನೆ ಬೆಡ್‌ಶೀಟಿನ ಲೆಕ್ಕ ಇಡೀ ಕಾಲೇಜಿನ ಜನ ಓದಿದ್ರಾ? ಅಯ್ಯೋ ನನ್ನ ಮಾನ!"

"ಓದಿಲ್ಲ ಕಣೇ, ಅದನ್ನೇ ತಾನೇ ನಾನು ಹೇಳ್ತಿರೋದು!"

ಮಗಳು ಮಾತ್ರ ನಗಲಿಲ್ಲ. ದುಂಡು ಚಿತ್ರವಿದ್ದ ಇನ್ನೊಂದು ಪ್ರತಿಯನ್ನೂ ತಿರುವಿ ನೋಡಿದಳು. 27.3 ಶೇಕಡಾದ ಮೇಲೆ ಬೆರಳಿಟ್ಟಳು.

"ಇದು ನಿಂಗೆ ಯಾವಾಗಿಂದ ಗೊತ್ತಪ್ಪಾ?"

"ಹನ್ನೊಂದು ವರ್ಷ ಆಯ್ತು."

"ಯಾಕೆ ಯಾರಿಗೂ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ."

"ಅವ್ರು 'ಸಾರ್ ಹೇಳಿಲ್ಲ' ಅಂತಾರೆ, ನೀನು 'ಯಾರೂ ಕೇಳ್ಲಿಲ್ಲ' ಅಂತೀಯ. ಅವರನ್ನ ದಿನಾ ಬಾಯಿಗೆ ಬಂದ ಹಾಗೆ ಬೈತೀಯಲ್ಲ, ನೀನೇನಪ್ಪಾ ಬೇರೆ ಮಾಡ್ದೆ?"

ದಬ್ಬಳ ಮಾಸ್ಟರ್ ಕಾಪಿ ಮುಚ್ಚಿ ಹೊಲಿಗೆಯ ದಾರಕ್ಕೆ ಕೈ ಹಾಕಿದ. ಆಮೇಲೆ ಹೊರಗೆ ಬಂದ ಮಾತು ಇನ್ನೂ ನಾಚಿಕೆಗೇಡಿನದು.

"ಆಯ್ತು ಬಿಡು ಮಗಳೇ. ಒಂದು ಹಾಳೆ ತಾನೆ? ಸೇರಿಸಿ ಹೊಲಿದುಕೊಡ್ತೀನಿ. ಯಾರೂ ಓದಲ್ಲ. ಟಿಕ್ ಹಾಕ್ತಾನೆ, ಪಾಸಾಗ್ತೀಯ, ಮುಗೀತು."

"ನನ್ನ ಫ್ರಾಕನ್ನ ನಾನೇ ಗ್ರಾಹಕರ ತೃಪ್ತಿ ಅಂತ ತೋರಿಸ್ಲಾ?"

"ಎಲ್ಲರೂ ತೋರಿಸಿಲ್ವಾ?"

"ಒಂದು ವರ್ಷ ಹೋದ್ರೆ ಹೋಗ್ಲಿ ಬಿಡು," ಎಂದು ಅವಳು ಹಾಳೆಗಳನ್ನು ಬಾಚಿಕೊಂಡು ಹೊರಟಳು. ಅಮ್ಮ ಡಬ್ಬಿಯ ಮುಚ್ಚಳವನ್ನು ಗಂಡನ ಕಡೆ ತಳ್ಳಿ, "ತಿನ್ನಿ. ಮಗಳ ವರ್ಷ ತಿಂದಾಯ್ತು, ಇದೇನು ಮಹಾ" ಎಂದಳು.

ದಬ್ಬಳ ತಿನ್ನಲಿಲ್ಲ. ಎದುರಿನ ಗೇಟನ್ನೇ ನೋಡುತ್ತ ಕೂತ. ಮೂವತ್ತು ವರ್ಷ ಅದರ ಎದುರಿಗೆ ಕೂತಿದ್ದವನು ಒಂದು ದಿನವೂ ಅದನ್ನು ದಾಟಿರಲಿಲ್ಲ. ದಾಟುವ ಕೆಲಸ ಬಿದ್ದಿರಲಿಲ್ಲ ಎನ್ನುವುದು ಆತ ಕೊಡುತ್ತಿದ್ದ ಕಾರಣ; ಓದಿದವರ ನಡುವೆ ನಿಲ್ಲಲು ಹೆದರಿಕೆ ಎನ್ನುವುದು ನಿಜವಾದ ಕಾರಣ. ಹೊರಗಿನಿಂದ ಬೈಯುವುದು ಆರೋಗ್ಯಕ್ಕೆ ಒಳ್ಳೆಯದು, ಒಳಗೆ ಹೋದರೆ ಉತ್ತರ ಬರಬಹುದು.

ಮರುದಿನ ಬೆಳಿಗ್ಗೆ ಅಂಗಡಿಯ ಶಟರ್ ಅರ್ಧ ಎಳೆದು, ಎರಡು ಪುಸ್ತಕ ಕಂಕುಳಿಗೆ ಸಿಕ್ಕಿಸಿಕೊಂಡು ದಬ್ಬಳ ಗೇಟು ದಾಟಿದ. ಹುಡುಗರು ಬೆರಗಾಗಿ ನೋಡಿದರು. ಒಬ್ಬ ಓಡಿಬಂದು "ಅಂಕಲ್, ಒಳಗೆ ಬರೋಕೆ ಪಾಸ್ ತಗೋಬೇಕು" ಎಂದ. "ನಾನು ಫೇಲಾಗಿ ಬರ್ತಿರೋದು ಕಣೋ, ಬಿಡು ದಾರಿ" ಎಂದ ದಬ್ಬಳ.

ವಿಭಾಗದ ಮುಖ್ಯಸ್ಥೆ ಹೆಡ್ ಮೇಡಂ ಕೋಣೆಯಲ್ಲಿದ್ದರು. ಮುಂದೆ ಟಿಕ್ ಸಾರ್ ಕೂತು ರಿಪೋರ್ಟುಗಳ ರಾಶಿಗೆ ಕೆಂಪು ಹಾಕುತ್ತಿದ್ದ. ಮೇಡಂ ಕನ್ನಡಕದ ಮೇಲಿನಿಂದ ನೋಡಿದರು.

"ಯಾರು ಬೇಕಿತ್ತು?"

"ಬೈಂಡಿಂಗ್‌ನವನು ಮೇಡಂ, ಎದುರುಗಡೆ. ಮಗಳ ರಿಪೋರ್ಟ್ ವಾಪಸ್ ಆಗಿದೆ. ಕೋಷ್ಟಕ ನಾಲ್ಕು ಇಲ್ಲ ಅಂತ."

"ಇರಬೇಕಲ್ವಾ?" ಎಂದ ಟಿಕ್ ಸಾರ್. "ಚೆಕ್‌ಲಿಸ್ಟಲ್ಲಿ ಇದೆ. ಅದು ಬಹಳ ಮುಖ್ಯವಾದ ಕೋಷ್ಟಕ. ನನ್ನ ಪ್ರಾಜೆಕ್ಟಿಗೆ ಹೆಚ್ಚು ಮಾರ್ಕ್ಸ್ ಬಂದಿದ್ದೇ ಅದರಿಂದ."

"ಅದರಲ್ಲಿ ಏನಿದೆ ಸಾರ್?"

"ಡೇಟಾ."

"ಯಾವುದರ ಡೇಟಾ?"

"ಸರ್ವೆ ಡೇಟಾ ರೀ. ನಿಮಗೆ ಅರ್ಥ ಆಗಲ್ಲ."

"ಅರ್ಥ ಆಗುತ್ತೆ ಸಾರ್, ಸರ್ವೆ ನಡೆದದ್ದು ನಮ್ಮನೆ ಬಚ್ಚಲಲ್ಲಿ." ದಬ್ಬಳ ಮಾಸ್ಟರ್ ಕಾಪಿಯನ್ನು ಮೇಡಂ ಮುಂದೆ ಬಿಚ್ಚಿಟ್ಟ. "ಇದು ನನ್ನ ಹೆಂಡತಿ ಅಕ್ಷರ. ಇದು ಲಾಂಡ್ರಿ ಪಟ್ಟಿ. ಇವು ನನ್ನ ಶರ್ಟು, ಇವು ನನ್ನ ಪ್ಯಾಂಟು. ಈ ಫ್ರಾಕು ನೀವು ಫೇಲ್ ಮಾಡ್ತಿದೀರಲ್ಲ, ಆ ಹುಡುಗಿದು. ನನ್ನ ತಪ್ಪಿಂದ ಹೊಲಿಗೆಗೆ ಸೇರ್ಕೊಂಡಿತು. ಮೂರನೇ ವರ್ಷಾನೇ ನೋಡ್ದೆ, ಹೇಳ್ಲಿಲ್ಲ. ಅದೂ ನನ್ನ ತಪ್ಪೇ."

ಟಿಕ್ ಸಾರ್ ಪುಸ್ತಕ ಎಳೆದುಕೊಂಡು ಕೈಬರಹ ನೋಡಿದ, ತನ್ನ ಟೈಪಿನದನ್ನು ನೋಡಿದ, ಮುಖ ಕೆಂಪಾಯಿತು, ಬಿಳಿಚಿತು.

"ಮೇಡಂ, ಇಲ್ಲಿ ಫ್ರಾಕು ಅನ್ನೋದನ್ನ ಒಂದು ಮಾನದಂಡ ಅಂತ ತಗೋಬೇಕು," ಎಂದ ತಡವರಿಸುತ್ತ. "ಎಷ್ಟೋ ವರ್ಷದಿಂದ ಸ್ಥಿರವಾಗಿ 27.3 ಬರ್ತಿದೆ. ಬ್ಯಾಂಕಲ್ಲೂ ಅಷ್ಟೇ, ಬಸ್ಸಲ್ಲೂ ಅಷ್ಟೇ. ಇದು ಸಣ್ಣ ವಿಷಯ ಅಲ್ಲ."

"ಸುಮ್ನಿರಿ ಸ್ವಲ್ಪ," ಎಂದರು ಮೇಡಂ. ಹದಿನಾಲ್ಕು ವರ್ಷದ ಆ ಎಲ್ಲ ಪುಸ್ತಕಗಳ ಮೊದಲ ಪುಟದಲ್ಲಿ ಅವರದೇ ಸಹಿ ಇತ್ತು: 'ಕೂಲಂಕಷವಾಗಿ ಪರಿಶೀಲಿಸಲಾಗಿದೆ'. ಕನ್ನಡಕ ತೆಗೆದು ಒರೆಸಿದರು, ಹಾಕಿದರು, ಮತ್ತೆ ತೆಗೆದರು. "ನೋಡಿ ಇವ್ರೇ, ನಿಮ್ಮ ಮಗಳು ವೈವಾಕ್ಕೆ ಬರಲಿ. ಕೋಷ್ಟಕ ಇಲ್ಲದಿದ್ದಕ್ಕೆ ನಿಯಮದ ಪ್ರಕಾರ ಮಾರ್ಕ್ಸ್ ಕಳೀತೀವಿ. ಆದರೆ ಈ ವಿಷಯ ಈ ಕೋಣೆ ಬಿಟ್ಟು ಹೊರಗೆ ಹೋಗಬಾರದು."

"ಹೋಗಲ್ಲ ಬಿಡಿ ಮೇಡಂ. ಇಷ್ಟು ವರ್ಷ ನಿಮ್ಮ ಲೈಬ್ರರೀಲಿ ಬೀಗ ಹಾಕದೆ ಇಟ್ಟಿದ್ರಿ, ಆಗ್ಲೇ ಹೋಗ್ಲಿಲ್ಲ."

ಶುಕ್ರವಾರ ದಬ್ಬಳ ಅಂಗಡಿ ತೆರೆಯಲೇ ಇಲ್ಲ. ವೈವಾ ನಡೆಯುವ ಕೋಣೆಯ ಹೊರಗೆ, ಕಿಟಕಿಯ ಪಕ್ಕ ಗೋಡೆಗೆ ಅಂಟಿಕೊಂಡು ನಿಂತ. ಸಣಕಲು ಮೈ ಆ ಒಂದು ದಿನ ಉಪಯೋಗಕ್ಕೆ ಬಂತು, ಯಾರಿಗೂ ಕಾಣಲಿಲ್ಲ. ಒಳಗೆ ಮೇಡಂ, ಟಿಕ್ ಸಾರ್, ಬೇರೆ ಕಾಲೇಜಿನಿಂದ ಬಂದ ಒಬ್ಬ ಪರೀಕ್ಷಕರು. ಮಗಳಿಗಿಂತ ಮುಂಚೆ ಹೋದವನು ಎರಡು ನಿಮಿಷದಲ್ಲಿ ಹೊರಬಂದ. ಅವನನ್ನು ಕೇಳಿದ್ದು ಒಂದೇ ಪ್ರಶ್ನೆ, ಮುಖಪುಟದಲ್ಲಿರುವ ಹೆಸರು ಅವನದೇ ಹೌದೋ ಎಂದು. ಅವನು ಪುಸ್ತಕ ತಿರುಗಿಸಿ ನೋಡಿ ಖಚಿತಪಡಿಸಿಕೊಂಡು ಹೌದೆಂದ.

ಮಗಳನ್ನು ಅರ್ಧ ಗಂಟೆ ಕೂರಿಸಿದರು.

"ಪೆನ್ನು ಕಟ್ಟು ಅಂತ ನಿನಗೆ ಯಾರು ಹೇಳಿದರಮ್ಮ?" ಪರೀಕ್ಷಕರು ಕೇಳಿದರು.

"ಯಾರೂ ಹೇಳ್ಲಿಲ್ಲ ಸಾರ್."

"ಆಸ್ಪತ್ರೆಯ ಅನುಮತಿ?"

"ಕೇಳ್ಲಿಲ್ಲ ಸಾರ್. ಪೆನ್ನು ನಂದು, ದಾರ ನಮ್ಮಪ್ಪಂದು."

"ಅಂದರೆ ನಿನ್ನಷ್ಟಕ್ಕೆ ನೀನೇ ಹೋಗಿ, ನಿನ್ನಷ್ಟಕ್ಕೆ ನೀನೇ ಕೂತು, ನಿನ್ನಷ್ಟಕ್ಕೆ ನೀನೇ ಮಾಡಿಬಿಟ್ಟೆ?"

"ಹೌದು ಸಾರ್."

"ಇದು ಸ್ವಯಂ ಪ್ರೇರಣಾ ಯೋಜನೆ ಅಮ್ಮ," ಎಂದರು ಪರೀಕ್ಷಕರು ನೊಂದ ದನಿಯಲ್ಲಿ. "ಹೀಗೆಲ್ಲ ಮನಸ್ಸಿಗೆ ಬಂದ ಹಾಗೆ ಮಾಡೋದಲ್ಲ. ಎಲ್ಲರೂ ಹೀಗೇ ಶುರು ಮಾಡಿದರೆ ಗತಿ ಏನು?"

"ಸಾಲು ಬೇಗ ಮುಗಿಯುತ್ತೆ ಸಾರ್."

ಕಿಟಕಿಯ ಹೊರಗೆ ದಬ್ಬಳ ಗೋಡೆಯನ್ನು ಎರಡೂ ಕೈಯಿಂದ ಹಿಡಿದುಕೊಂಡ.

ಅಂಕಪಟ್ಟಿ ಸಂಜೆ ಬೋರ್ಡಿಗೆ ಬಂತು. ಐದು ಕಾಲಂ, ಒಂದೊಂದಕ್ಕೆ ಇಪ್ಪತ್ತು. ಪಾಸಾಗಲು ಒಟ್ಟು ನಲವತ್ತು. ಮಗಳಿಗೆ ವಿಷಯಕ್ಕೆ ಹನ್ನೆರಡು, ವಿಧಾನಕ್ಕೆ ಹನ್ನೊಂದು, ಮೌಖಿಕಕ್ಕೆ ಹನ್ನೆರಡು, ಕೋಷ್ಟಕಕ್ಕೆ ಎರಡು. ಕೊನೆಯ ಕಾಲಮಿನ ತಲೆಬರಹ 'ಸ್ವಯಂ ಪ್ರೇರಣೆ'. ಅದರಲ್ಲಿ ಇಪ್ಪತ್ತಕ್ಕೆ ನಾಲ್ಕು. ಒಟ್ಟು ನಲವತ್ತೊಂದು. ತರಗತಿಯ ಮಿಕ್ಕ ಐವತ್ತೊಂಬತ್ತು ಜನಕ್ಕೂ ಆ ಕಾಲಮಿನಲ್ಲಿ ಹದಿನೆಂಟು.

ಮಗಳು ನೋಡಿ, "ಪಾಸಾಯ್ತಲ್ಲ ಬಿಡಪ್ಪಾ. ಸೋಮವಾರದಿಂದ ಆಸ್ಪತ್ರೆಯ ದೊಡ್ಡ ನರ್ಸಮ್ಮ ಬಾ ಅಂದಿದಾರೆ, ಔಷಧಿ ಕೌಂಟರಲ್ಲೂ ಏನೋ ಗೋಳಿದೆಯಂತೆ," ಎಂದಳು. ದಬ್ಬಳ ಆ ಹದಿನೆಂಟುಗಳನ್ನು ಮೇಲಿನಿಂದ ಕೆಳಗೆ ಬೆರಳಿಟ್ಟು ಎಣಿಸಿದ. ಆಮೇಲೆ ನೇರ ಅಂಗಡಿಗೆ ಬಂದು ಶಟರ್ ಎತ್ತಿ, ಮಾಸ್ಟರ್ ಕಾಪಿ, ಟೈಪಿನ ಪ್ರತಿ ಎರಡನ್ನೂ ಕತ್ತರಿಸುವ ಯಂತ್ರದ ಕೆಳಗಿಟ್ಟು ಹಿಡಿ ಒತ್ತಿದ. ಬೆರಳಗಲದ ಪಟ್ಟಿಗಳಾಗಿ ಬೀಳುವವರೆಗೆ ಒತ್ತುತ್ತಲೇ ಹೋದ. ವರ್ಷದ ಅರ್ಧ ಅನ್ನ ಅದರಿಂದಲೇ ಬರುತ್ತಿತ್ತು ಎಂದು ಹೆಂಡತಿ ನೆನಪಿಸಿದಳು. "ಗೊತ್ತು ಕಣೇ" ಎಂದು ಇನ್ನೊಮ್ಮೆ ಒತ್ತಿದ.

ಮರುವರ್ಷದ ರಿಪೋರ್ಟಿನ ಕಾಲ ಬಂತು. ಮೊದಲನೆಯವನು ಬಂದು ಕೌಂಟರಿಗೆ ಮೊಣಕೈ ಊರಿದ.

"ಅಂಕಲ್, ಮಾಸ್ಟರ್ ಕೊಡಿ."

"ಇಲ್ಲ."

"ಯಾವಾಗ ಬರುತ್ತೆ?"

"ಬರಲ್ಲ. ಕತ್ತರಿಸಿ ಹಾಕ್ದೆ. ಅದರಲ್ಲಿ ಇದ್ದದ್ದು ನಮ್ಮನೆ ಬಟ್ಟೆ ಲೆಕ್ಕ. ಇನ್ಮೇಲೆ ನೀವೇ ಮಾಡ್ಕೊಂಡು ಬರ್ಬೇಕು. ಬಂದರೆ ಎಷ್ಟೇ ಹಾಳೆ ಇರ್ಲಿ, ನಾನು ಹೊಲಿದುಕೊಡ್ತೀನಿ."

ಹುಡುಗನಿಗೆ ಬಟ್ಟೆ ಲೆಕ್ಕದ ಬಗ್ಗೆ ಆಶ್ಚರ್ಯವಾಗಲಿಲ್ಲ. ಅವನ ಮುಖದಲ್ಲಿ ಮೂಡಿದ್ದು ನಡುನೀರಿನಲ್ಲಿ ಕೈಬಿಟ್ಟವನ ಭಯ.

"ಹಾಗಾದ್ರೆ ನಾವು ಏನ್ ಮಾಡೋದು ಅಂಕಲ್?"

ಹಿಂದಿನ ದಬ್ಬಳನಾಗಿದ್ದರೆ ಒಂದು ಚುಚ್ಚು ಮಾತು ಹೇಳಿ ನಕ್ಕು ಕಳಿಸುತ್ತಿದ್ದ. ಈತ ಬಾಯಿಂದ ದಬ್ಬಳ ತೆಗೆದು ಮೇಜಿನ ಮೇಲಿಟ್ಟು, ಸ್ಟೂಲಿನಿಂದ ಎದ್ದು ಹೊರಗೆ ಬಂದು, ಹುಡುಗನ ಹೆಗಲ ಮೇಲೆ ಕೈಯಿಟ್ಟ.

"ನೋಡಪ್ಪ, ಎಲ್ಲಾದ್ರೂ ಜನ ಕಷ್ಟಪಡ್ತಿರೋ ಜಾಗಕ್ಕೆ ಹೋಗು. ಸುಮ್ನೆ ಕೂತ್ಕೊಂಡು ಕಣ್ಣು ಬಿಟ್ಟು ನೋಡು. ನಾಲ್ಕು ದಿನ ನೋಡಿದ್ರೆ ಏನು ಮಾಡ್ಬೇಕು ಅಂತ ನಿಂಗೇ ಹೊಳೆಯುತ್ತೆ. ಅದನ್ನ ಬರಿ."

ಹುಡುಗ ತುಂಬ ಹೊತ್ತು ಯೋಚಿಸಿದ. ಅವನ ಹಣೆ ಸುಕ್ಕಾಯಿತು, ತುಟಿ ಅಲುಗಿತು. ದಬ್ಬಳ ಉಸಿರು ಬಿಗಿಹಿಡಿದು ಕಾದ. ಕೊನೆಗೆ ಹುಡುಗ ಜೇಬಿನಿಂದ ಪೆನ್ನು ತೆಗೆದು ಅಂಗೈ ಬಿಚ್ಚಿದ.

"ಯಾವ ಕಡೆ ಮುಖ ಮಾಡಿ ಕೂತ್ಕೋಬೇಕು ಅಂಕಲ್?"